ಸ್ಪಂಜಿನಲ್ಲಿ ಉಳಿದ ಶಾಯಿ

ಈಗಷ್ಟೇ ಹೊರಬಂದ ಹಾಳೆಯಲ್ಲಿ ಒಂದಕ್ಷರವೂ ಮಾಸಿಲ್ಲ. ಕಪ್ಪು ಕಪ್ಪಾಗಿಯೇ ಇದೆ, ಗೆರೆಗಳೆಲ್ಲೂ ತುಂಡಾಗಿಲ್ಲ. ಆದರೂ ಪರದೆಯ ಮೇಲೊಂದು ಎಚ್ಚರಿಕೆ ಬಂದು ಕೂರುತ್ತದೆ: ಶಾಯಿ ಮುಗಿದಿದೆ, ಕಾರ್ಟ್ರಿಡ್ಜ್ ಬದಲಿಸಿ. ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಗಳಿಗೆಯೇ. ಕೈಯಲ್ಲಿರುವ ಹಾಳೆ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಹೇಳುತ್ತದೆ. ಯಾರ ಮಾತು ನಂಬುವುದು ಅನ್ನುವ ಪ್ರಶ್ನೆ ನನ್ನನ್ನು ವರ್ಷಗಳಿಂದ ಕಾಡಿದೆ. ನಾನು ಮನೆಯಲ್ಲೇ ರೀಫಿಲ್ ಮಾಡತೊಡಗಿದ್ದೂ, ಅಂದರೆ ಕಾರ್ಟ್ರಿಡ್ಜ್ ಎಂಬ ಶಾಯಿಡಬ್ಬಿಗೆ ಸಿರಿಂಜಿನಿಂದ ಮತ್ತೆ ಶಾಯಿ ತುಂಬತೊಡಗಿದ್ದೂ, ಆ ಕಾಟದಿಂದಲೇ. ದುಡ್ಡು ಉಳಿಯುತ್ತದೆ ಅನ್ನುವುದು ನಿಜ, ಸಣ್ಣ ಮಾತೂ ಅಲ್ಲ. ಆದರೆ ದುಡ್ಡಿನ ಲೆಕ್ಕ ಮುಗಿದ ಮೇಲೂ ಸಿರಿಂಜ್ ಕೈಯಲ್ಲಿ ಉಳಿದದ್ದಕ್ಕೆ ಕಾರಣ ಬೇರೆ. ಒಂದು ವಸ್ತು ಮುಗಿಯಿತೋ ಇಲ್ಲವೋ ಎಂದು ನಾನೇ ನೋಡಿ ತಿಳಿಯಬೇಕು ಅನ್ನುವ ಹಟ ಅದು.

ಮನೆಬಳಕೆಯ ಬಹುಪಾಲು ಪ್ರಿಂಟರ್‌ಗಳು ಶಾಯಿಯನ್ನು ಅಳೆಯುವುದಿಲ್ಲ, ಎಣಿಸುತ್ತವೆ. ಎಷ್ಟು ಹನಿ ಸಿಡಿಸಿದೆ, ಎಷ್ಟು ಸಲ ಹೆಡ್ (ಶಾಯಿ ಸಿಡಿಸುವ ಭಾಗ) ಕ್ಲೀನಿಂಗ್ ಮಾಡಿದೆ ಎಂದು ಲೆಕ್ಕವಿಟ್ಟು, ತುಂಬಿದ್ದ ಪ್ರಮಾಣದಿಂದ ಅದನ್ನು ಕಳೆಯುತ್ತಾ ಹೋಗುತ್ತವೆ. ಒಂದು ಹನಿ ಕೆಲವೇ ಪಿಕೋಲೀಟರ್, ಅಂದರೆ ಮಿಲಿಲೀಟರಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ಐದು ಪಿಕೋಲೀಟರ್ ಎಂದಿಟ್ಟುಕೊಂಡರೆ ಒಂದು ಮಿಲಿಲೀಟರ್ ಶಾಯಿಯಲ್ಲಿ 20 ಕೋಟಿ ಹನಿಗಳಾದವು. ಇಷ್ಟು ಎಣಿಸುವಾಗ ಪ್ರತಿ ಹನಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೊನೆಯಲ್ಲಿ ಅದು ದೊಡ್ಡದಾಗುತ್ತದೆ. ಕೆಲವು ಮಾದರಿಗಳಲ್ಲಿ ಟ್ಯಾಂಕಿನ ತಳದಲ್ಲಿ ಪುಟ್ಟ ಪ್ರಿಸಂ ಇರುತ್ತದೆ, ಬೆಳಕು ಹಾಯಿಸಿ ಶಾಯಿ ಇದೆಯೇ ಎಂದು ಯಂತ್ರ ನಿಜವಾಗಿಯೂ ನೋಡುತ್ತದೆ. ಉಳಿದವುಗಳಲ್ಲಿ ‘ಖಾಲಿ’ ಎಂದರೆ ಒಂದು ಅಂದಾಜು. ಆ ಅಂದಾಜು ಬೇಕೆಂದೇ ಸ್ವಲ್ಪ ಮುಂಚೆ ನಿಲ್ಲುತ್ತದೆ, ಅದಕ್ಕೆ ಒಳ್ಳೆಯ ಕಾರಣವೂ ಇದೆ. ಶಾಯಿಯಿಲ್ಲದೆ ಕೆಲಸ ಮಾಡಿದರೆ ಹೆಡ್ ಸುಟ್ಟುಹೋಗಬಹುದು, ಇಲ್ಲವೇ ಒಳಗೆ ಗಾಳಿ ಸೇರಬಹುದು. ಹಾಗಾಗಿ ಸ್ವಲ್ಪ ಶಾಯಿ ಉಳಿಸುವುದಕ್ಕೆ ನನ್ನ ತಕರಾರಿಲ್ಲ. ಅಂದಾಜನ್ನು ತೀರ್ಪಿನಂತೆ ಹೇಳಿ, ಹಳದಿ ಮುಗಿಯಿತೆಂದು ಕಪ್ಪು ಅಕ್ಷರವನ್ನೂ ಮುದ್ರಿಸದೆ ನಿಲ್ಲಿಸಿಬಿಡುವುದನ್ನು ಮಾತ್ರ ಒಪ್ಪಲಾರೆ.

ಮುಚ್ಚಳ ತೆಗೆದು ನೋಡಿದಾಗ

ಹೀಗೆ ‘ಮುಗಿದ’ ಒಂದು ಮೂರುಬಣ್ಣದ ಕಾರ್ಟ್ರಿಡ್ಜನ್ನು ಒಂದು ರಾತ್ರಿ ಟೇಬಲ್ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಬಿಚ್ಚಿದ್ದು ಚೆನ್ನಾಗಿ ನೆನಪಿದೆ. ಮೇಲಿನ ಮುಚ್ಚಳದ ಅಂಚಿಗೆ ತೆಳುವಾದ ಬ್ಲೇಡ್ ಹಾಕಿ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸುತ್ತಾ ಹೋದೆ. ಕೊನೆಗೆ ಟಪ್ಪೆಂದು ಮುಚ್ಚಳ ಎದ್ದಾಗ ಒಳಗೆ ಕಂಡದ್ದು ಮೂರು ಕೋಣೆ, ಮೂರರಲ್ಲೂ ಒತ್ತಿ ತುಂಬಿದ ಸ್ಪಂಜು. ಮಜೆಂಟಾ ಸ್ಪಂಜು ಮೇಲೆ ಒಣಗಿ ತಿಳಿ ಗುಲಾಬಿಯಾಗಿತ್ತು. ಹಳದಿಯೂ ಹೆಚ್ಚುಕಡಿಮೆ ಹಾಗೆಯೇ. ಸಯಾನ್ ಸ್ಪಂಜನ್ನು ಚಿಮುಟದಿಂದ ಹಿಡಿದು ಮೇಲೆತ್ತಿದರೆ ಅದರ ಕೆಳಗಿನ ಅರ್ಧ ಇನ್ನೂ ಗಾಢ ನೀಲಿ, ಒತ್ತಿದರೆ ಪತ್ರಿಕೆಯ ಮೇಲೆ ಶಾಯಿ ಹರಡಿತು. ಒಂದು ಬಣ್ಣದ ಲೆಕ್ಕ ಮುಗಿದದ್ದಕ್ಕೆ ಮೂರನ್ನೂ ಒಟ್ಟಿಗೆ ಎಸೆಯುವುದಿತ್ತು. ಬೆರಳಿಗೆ ಹತ್ತಿದ ನೀಲಿ ದಿನಗಟ್ಟಲೆ ಹೋಗಲಿಲ್ಲ. ಅದನ್ನು ನೋಡಿದಾಗಲೆಲ್ಲ ಇಷ್ಟು ಚೆಂದದ ಬಣ್ಣ ಕಸಕ್ಕೆ ಹೋಗಲಿತ್ತಲ್ಲ ಎಂದು ಸಂಕಟವಾಗುತ್ತಿತ್ತು.

ಆ ಸ್ಪಂಜಿನ ಕೆಲಸವೇನೆಂದು ಅರ್ಥವಾದ ಮೇಲೆ ರೀಫಿಲ್ ಮಾಡುವ ನನ್ನ ಕೈ ಬದಲಾಯಿತು. ಕಾರ್ಟ್ರಿಡ್ಜ್ ಎಂದರೆ ತಳದಲ್ಲಿ ತೂತುಗಳಿರುವ ಡಬ್ಬಿ. ಕೂದಲಿಗಿಂತ ಸಣ್ಣ ನೂರಾರು ನಾಝಲ್‌ಗಳು ಕೆಳಮುಖವಾಗಿ ಸದಾ ತೆರೆದೇ ಇರುತ್ತವೆ. ಆದರೂ ಶಾಯಿ ಸೋರುವುದಿಲ್ಲ, ಏಕೆಂದರೆ ಸ್ಪಂಜಿನ ಸೂಕ್ಷ್ಮ ರಂಧ್ರಗಳು ಅದನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ. ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ತುಸು ಕಡಿಮೆ. ಆ ‘ತುಸು’ವಿನಲ್ಲೇ ಇಡೀ ಯಂತ್ರ ನಿಂತಿದೆ. ಎಳೆತ ಹೆಚ್ಚಾದರೆ ಶಾಯಿ ನಾಝಲ್‌ಗೆ ಬರುವುದಿಲ್ಲ, ಕಡಿಮೆಯಾದರೆ ಹಾಳೆಯ ಮೇಲೆ ತೊಟ್ಟಿಕ್ಕುತ್ತದೆ. ಶಾಯಿ ಖರ್ಚಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಲೇಬಲ್ಲಿನ ಕೆಳಗೆ, ಮುಚ್ಚಳದ ಮೇಲೆ, ಹಾವಿನಂತೆ ಸುತ್ತಿ ಸಾಗುವ ಸಣ್ಣ ಕಾಲುವೆ ಕೊರೆದಿರುತ್ತಾರೆ. ಗಾಳಿ ಒಳಬರಬೇಕು, ಶಾಯಿ ಒಣಗಬಾರದು ಎಂಬ ಎರಡು ಬೇಡಿಕೆಗೂ ಅದೊಂದೇ ಉತ್ತರ. ಆ ಕಾಲುವೆಯನ್ನು ಮೊದಲ ಸಲ ಲೆನ್ಸ್ ಹಿಡಿದು ನೋಡಿದಾಗ, ಅದನ್ನು ಮಾಡಿದವರ ಬಗ್ಗೆ ನನ್ನಲ್ಲಿ ಗೌರವ ಹುಟ್ಟಿತು. ಇಷ್ಟು ಜಾಣ್ಮೆಯ ವಸ್ತುವನ್ನು ಒಮ್ಮೆ ಬಳಸಿ ಎಸೆಯಲು ಮನಸ್ಸು ಒಪ್ಪದಿರುವುದಕ್ಕೆ ಆ ಗೌರವವೂ ಕಾರಣ.

ಈ ತಂತ್ರಜ್ಞಾನ ಹುಟ್ಟಿದ ಕಥೆಯಲ್ಲೂ ಒಂದು ಸಿರಿಂಜ್ ಇದೆ. 1977ರಲ್ಲಿ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಎಂಬ ಸಂಶೋಧಕರ ಬಳಿ, ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಸಾಲ್ಡರಿಂಗ್ ಐರನ್ ತಾಗಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬಿಸಿಗೆ ಗುಳ್ಳೆಯೆದ್ದು ಶಾಯಿಯನ್ನು ಹೊರದೂಡಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಎಚ್‌ಪಿ ಕಂಪನಿಯವರೂ ತಮ್ಮದೇ ದಾರಿಯಲ್ಲಿ ಇದೇ ತತ್ವಕ್ಕೆ ಬಂದರು, 1984ರಲ್ಲಿ ಥಿಂಕ್‌ಜೆಟ್ ಪ್ರಿಂಟರ್ ಹೊರತಂದರು. ಪ್ರತಿ ನಾಝಲ್ಲಿನ ಹಿಂದೆ, ವಿದ್ಯುತ್ ಹರಿದರೆ ಬಿಸಿಯಾಗುವ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಅದು ಮೈಕ್ರೊಸೆಕೆಂಡುಗಳಲ್ಲಿ ಸುಮಾರು 300 ಡಿಗ್ರಿಗೆ ಕಾಯ್ದು, ಅದರ ಮೇಲಿನ ಶಾಯಿಯ ತೆಳುಪದರ ಆವಿಯಾಗಿ, ಗುಳ್ಳೆ ಉಬ್ಬಿ ಹನಿ ಹಾರುತ್ತದೆ. ಗುಳ್ಳೆ ಕುಸಿದಾಗ ಸ್ಪಂಜಿನಿಂದ ಹೊಸ ಶಾಯಿ ಬಂದು ಆ ಜಾಗ ತುಂಬಿ ರೆಸಿಸ್ಟರನ್ನು ತಣಿಸುತ್ತದೆ. ಎಪ್ಸನ್ ಕಂಪನಿ ಹಿಡಿದ ದಾರಿ ಬೇರೆ. ಅಲ್ಲಿ ಬಿಸಿಯಿಲ್ಲ, ವಿದ್ಯುತ್ ಹರಿದಾಗ ಮಣಿಯುವ ಪೀಜೊ ಹರಳು ಹನಿಯನ್ನು ತಳ್ಳುತ್ತದೆ. ಅವರ ಹೆಡ್ ಪ್ರಿಂಟರ್‌ನಲ್ಲೇ ಕಾಯಂ ಆಗಿ ಇರುತ್ತದೆ, ಬದಲಾಗುವುದು ಶಾಯಿಯ ಡಬ್ಬಿ ಮಾತ್ರ.

ಥಿಂಕ್‌ಜೆಟ್‌ನಲ್ಲಿ 12 ನಾಝಲ್‌ಗಳ ಹೆಡ್ಡೂ ಶಾಯಿಯೂ ಒಂದೇ ಪೊಟ್ಟಣದಲ್ಲಿದ್ದವು, ಮುಗಿದರೆ ಇಡಿಯಾಗಿ ಎಸೆಯುವುದು. ಗುಳ್ಳೆಗಳ ಏಟು ತಿಂದು ಸವೆಯುವ ಹೆಡ್ ಕಟ್ಟಿಕೊಳ್ಳದಂತೆ, ಕೆಡದಂತೆ ಕಾಯುವ ಕಷ್ಟಕ್ಕೆ ಅದು ಸರಳ ಪರಿಹಾರವಾಗಿತ್ತು. ಹಾಗಾಗಿ ಎಸೆಯುವ ಕಾರ್ಟ್ರಿಡ್ಜಿನ ಹಿಂದೆ ಬರೀ ಲಾಭದಾಸೆ ಇತ್ತು ಎಂದರೆ ಅನ್ಯಾಯವಾಗುತ್ತದೆ. ಆದರೆ ಹೆಡ್‌ಗಳ ಬಾಳಿಕೆ ಹೆಚ್ಚುತ್ತಾ ಬಂತು, ಡಬ್ಬಿಯೊಳಗಿನ ಶಾಯಿ ಕಡಿಮೆಯಾಗುತ್ತಾ ಬಂತು. ಹಳೆಯ ಎಚ್‌ಪಿ 45ನೇ ನಂಬರಿನ ಕಪ್ಪು ಕಾರ್ಟ್ರಿಡ್ಜಿನಲ್ಲಿ 42 ಮಿಲಿಲೀಟರ್ ಶಾಯಿ ಇರುತ್ತಿತ್ತು. ಆಮೇಲೆ ಬಂದ 21ನೇ ನಂಬರಿನದರಲ್ಲಿ 5 ಮಿಲಿಲೀಟರ್. ಈಗ ಹೆಡ್ ಇನ್ನೂ ಗಟ್ಟಿಯಾಗಿರುವಾಗಲೇ ಶಾಯಿ ತೀರುತ್ತದೆ. ನನ್ನ ಸೂಜಿಗೆ ಕೆಲಸವಿರುವುದು ಈ ಅಂತರದಲ್ಲೇ.

ಅವಸರವಿಲ್ಲದ ಸೂಜಿ

ನನಗಿದನ್ನು ಕಲಿಸಿದ್ದು ಹಿಂದೆ ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು. ಅವರು ಮೊದಲು ಮಾಡಿದ್ದು ನನ್ನ ಕೈಯಿಂದ ಸಿರಿಂಜ್ ತೆಗೆದು ಬದಿಗಿಟ್ಟು, ಕಾರ್ಟ್ರಿಡ್ಜನ್ನು ಸಣ್ಣ ತಕ್ಕಡಿಯ ಮೇಲಿಟ್ಟದ್ದು. ಹೊಸತರಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಎರಡರ ವ್ಯತ್ಯಾಸದಷ್ಟೇ ಶಾಯಿ ಹಾಕಬೇಕು ಎಂದರು. ಶಾಯಿಯ ಬಹುಭಾಗ ನೀರು, ಆದ್ದರಿಂದ ಒಂದು ಮಿಲಿಲೀಟರ್ ಒಂದು ಗ್ರಾಂಗಿಂತ ತುಸುವೇ ಹೆಚ್ಚು ತೂಗುತ್ತದೆ. ಇವತ್ತಿಗೂ ಹೊಸ ಕಾರ್ಟ್ರಿಡ್ಜ್ ಬಂದರೆ ಮೊದಲು ತೂಗಿ, ತೂಕವನ್ನು ಅದರ ಮೈಮೇಲೇ ಬರೆದಿಡುತ್ತೇನೆ. ಪರದೆಯ ಮೇಲಿನ ಶೇಕಡಾವಾರು ಪಟ್ಟಿಗಿಂತ ತಕ್ಕಡಿಯನ್ನು ನಾನು ಹೆಚ್ಚು ನಂಬುತ್ತೇನೆ.

ಆಮೇಲೆ ಅವರು ಲೇಬಲ್ ಎಬ್ಬಿಸಿ ತೂತುಗಳನ್ನು ತೋರಿಸಿದರು. ಮೂರುಬಣ್ಣದ್ದಾದರೆ ಯಾವ ತೂತಿನ ಕೆಳಗೆ ಯಾವ ಬಣ್ಣ ಎನ್ನುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಟೂತ್‌ಪಿಕ್ ಇಳಿಸಿ, ತುದಿಯನ್ನು ಬಿಳಿ ಟಿಶ್ಯೂಗೆ ಒತ್ತಿ ನೋಡುವುದನ್ನು ಅವರು ಎಂದೂ ಬಿಟ್ಟವರಲ್ಲ, ಅದೇ ಮಾದರಿಯನ್ನು ಹಿಂದಿನ ವಾರ ತುಂಬಿದ್ದರೂ. ಮಾದರಿಗೆ ಸೂಕ್ತವಾದ ಆಳಕ್ಕೆ ಸೂಜಿಯನ್ನು ಸ್ಪಂಜಿನೊಳಗೆ ಇಳಿಸಿದ ಮೇಲೆ ಅವರ ಹೆಬ್ಬೆರಳು ಕದಲಿದ್ದೇ ಗೊತ್ತಾಗುತ್ತಿರಲಿಲ್ಲ. ಶಾಯಿಯನ್ನು ತಳ್ಳಬಾರದು, ಸ್ಪಂಜು ಕುಡಿಯುವಷ್ಟೇ ಕೊಡಬೇಕು ಎನ್ನುತ್ತಿದ್ದರು. ಜೋರಾಗಿ ಒತ್ತಿದರೆ ಶಾಯಿಯ ಮುಂದೆ ಗಾಳಿ ಓಡಿ ಸ್ಪಂಜಿನ ಕೆಳಗಿರುವ ಜಾಲರಿಯ ಹತ್ತಿರ ಗುಳ್ಳೆಯಾಗಿ ನಿಲ್ಲುತ್ತದೆ. ಮೇಲೆ ಶಾಯಿ ತುಂಬಿ ತುಳುಕುತ್ತಿದ್ದರೂ ಹಾಳೆ ಬೆಳ್ಳಗೆ ಬರುತ್ತದೆ. ಆಗ ಕಾರ್ಟ್ರಿಡ್ಜನ್ನು ಕ್ಲಿಪ್ಪಿನಲ್ಲಿ ಕೂರಿಸಿ, ನಾಝಲ್ ಕಡೆಯಿಂದ ಖಾಲಿ ಸಿರಿಂಜಿನಲ್ಲಿ ಮೆಲ್ಲಗೆ ಎಳೆದು ಆ ಗುಳ್ಳೆಯನ್ನು ಹೊರಗೆ ತರಬೇಕಾಗುತ್ತದೆ.

ತೂತಿನಲ್ಲಿ ಶಾಯಿ ಹೊಳೆಯುವುದು ಕಂಡೊಡನೆ ನಿಲ್ಲಿಸಿ, ತುಸು ಹಿಂದಕ್ಕೆ ಎಳೆದುಕೊಳ್ಳಬೇಕು. ಪೂರ್ತಿ ತುಂಬಿದ ಸ್ಪಂಜಿಗೆ ಹಿಡಿದಿಡುವ ಶಕ್ತಿ ಇರುವುದಿಲ್ಲ. ಮೇಲೆ ಟೇಪ್ ಹಚ್ಚುವಾಗ ಗಾಳಿಯ ಕಾಲುವೆ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಮುಚ್ಚಿದರೆ ಮೊದಲ ಒಂದೆರಡು ಪುಟ ಚೆನ್ನಾಗಿ ಬಂದು, ಒಳಗಿನ ಎಳೆತ ಹೆಚ್ಚುತ್ತಾ ಹೋಗಿ, ಮುದ್ರಣ ಮಾಸುತ್ತದೆ. ಕೊನೆಯದಾಗಿ ನಾಝಲ್ ತಟ್ಟೆಯನ್ನು ಒದ್ದೆ ಟಿಶ್ಯೂ ಮೇಲೆ ಒತ್ತುವುದು. ಉಜ್ಜುವುದಲ್ಲ, ಒತ್ತುವುದು. ಮೂರು ಬಣ್ಣದ ಪಟ್ಟಿಗಳು ಪಕ್ಕಪಕ್ಕದಲ್ಲಿ ಸ್ವಚ್ಛವಾಗಿ ಮೂಡಿದರೆ ಸರಿಯಾಗಿದೆ ಎಂದರ್ಥ. ಹಳದಿಯ ಪಟ್ಟಿ ಹಸಿರಿಗೆ ತಿರುಗಿದ್ದರೆ ಸಯಾನ್ ಅದರೊಳಗೆ ನುಗ್ಗಿದೆ, ಹಳದಿ ಹಳದಿಯಾಗುವವರೆಗೆ ಟಿಶ್ಯೂ ಬದಲಿಸುತ್ತಾ ಒತ್ತುತ್ತಿರಬೇಕು. ನಾಝಲ್ ಒಣಗಿದ್ದರೆ ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರು ಸಾಕು. ನಲ್ಲಿ ನೀರಿನ ಖನಿಜಾಂಶ ಅಷ್ಟು ಸಣ್ಣ ತೂತಿನಲ್ಲಿ ಕೂತರೆ ಏಳುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಅವರು ಕಾರ್ಟ್ರಿಡ್ಜನ್ನು ಕೂಡಲೇ ಪ್ರಿಂಟರ್‌ಗೆ ಹಾಕುತ್ತಿರಲಿಲ್ಲ. ಶಾಯಿ ಸ್ಪಂಜಿನಲ್ಲಿ ಸಮನಾಗಿ ಹರಡಲಿ ಎಂದು ಒಂದಷ್ಟು ಹೊತ್ತು ನೇರವಾಗಿ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡ ಎನ್ನುವುದು ಅವರು ಕೊಟ್ಟ ಅತ್ಯಂತ ಬೆಲೆಯುಳ್ಳ ಸಲಹೆ. ಒಮ್ಮೆ ಒಣಗಿ ಗಟ್ಟಿಯಾದ ಸ್ಪಂಜು ಮತ್ತೆ ಎಲ್ಲ ಕಡೆ ಸಮನಾಗಿ ನೆನೆಯುವುದಿಲ್ಲ. ಬಣ್ಣ ತುಸು ತಿಳಿಯಾದಂತೆ ಕಂಡಾಗಲೇ, ಯಂತ್ರ ಏನೇ ಹೇಳಲಿ, ತುಂಬಿಬಿಡಬೇಕು.

ಅಮ್ಮನ ಅಕ್ಷರ, ಎರಡು ಶಾಯಿಯಲ್ಲಿ

ಶಾಯಿ ಎಂದರೆ ಎಲ್ಲವೂ ಒಂದೇ ಅಲ್ಲ. ಡೈ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಪಿಗ್ಮೆಂಟ್ ಶಾಯಿಯಲ್ಲಿ ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಎಷ್ಟೋ ಮನೆಬಳಕೆಯ ಪ್ರಿಂಟರ್‌ಗಳಲ್ಲಿ ಅಕ್ಷರಕ್ಕೆ ಬಳಸುವ ಕಪ್ಪು ಪಿಗ್ಮೆಂಟ್, ಬಣ್ಣಗಳು ಡೈ. ಒಂದರ ಜಾಗಕ್ಕೆ ಇನ್ನೊಂದನ್ನು ತುಂಬಿದರೆ ಕಣಗಳು ಗಂಟುಕಟ್ಟಿ ನಾಝಲ್ ಮುಚ್ಚಬಹುದು. ಬಾಟಲಿಯ ಮೇಲೆ ‘ಎಲ್ಲ ಪ್ರಿಂಟರ್‌ಗಳಿಗೂ’ ಎಂದು ಬರೆದಿರುವ ಶಾಯಿಯನ್ನು ನಾನು ಕೊಳ್ಳುವುದಿಲ್ಲ. ಫೌಂಟನ್ ಪೆನ್ನಿನ ಶಾಯಿಯಂತೂ ಬೇಡವೇ ಬೇಡ. ಪ್ರಿಂಟರ್ ಶಾಯಿಯಲ್ಲಿ ನಾಝಲ್ ಒಣಗದಿರಲು ಗ್ಲೈಕಾಲ್, ಹನಿ ಸರಿಯಾಗಿ ಒಡೆಯಲು ಸರ್ಫ್ಯಾಕ್ಟೆಂಟ್, ಬೂಷ್ಟು ಹಿಡಿಯದಿರಲು ಇನ್ನೊಂದು, ಹೀಗೆ ಅಳೆದು ಬೆರೆಸಿದ್ದೆಲ್ಲ ಇರುತ್ತದೆ.

ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ಅಮ್ಮನ ನೋಟ್‌ಬುಕ್ಕಿನಿಂದ. ನೀಲಿ ಪೆನ್ನಿನಲ್ಲಿ ಹಾಡುಗಳನ್ನು ಬರೆದಿಟ್ಟುಕೊಂಡಿದ್ದ ಪುಸ್ತಕ ಅದು, ಹಾಳೆಗಳು ಅಂಚಿನಲ್ಲಿ ಉದುರತೊಡಗಿದ್ದವು. ಸ್ಕ್ಯಾನ್ ಮಾಡಿ ಒಂದೇ ಪುಟದ ಎರಡು ಪ್ರತಿ ತೆಗೆದೆ. ಒಂದು ರೀಫಿಲ್ ಮಾಡಿದ ಡೈ ಶಾಯಿಯಲ್ಲಿ, ಅವಳ ಪೆನ್ನಿನ ನೀಲಿ ಹಾಗೆಯೇ ಬರುವಂತೆ. ಇನ್ನೊಂದು ಪಿಗ್ಮೆಂಟ್ ಕಪ್ಪಿನಲ್ಲಿ. ಏನಾಗುತ್ತದೆ ನೋಡೋಣವೆಂದು ಎರಡನ್ನೂ ಗಾಜಿಲ್ಲದೆ ಕಿಟಕಿಯೆದುರಿನ ಗೋಡೆಗೆ ಅಂಟಿಸಿದೆ. ಮೊದಲ ದಿನ ನೀಲಿ ಪ್ರತಿಯ ಮುಂದೆ ನಿಂತ ಅಮ್ಮ ತನ್ನ ಅಕ್ಷರದ ಮೇಲೆ ಬೆರಳಾಡಿಸಿ, ಈ ‘ಳ’ ಬರೆಯುವಾಗ ಪೆನ್ನು ಉಗುಳುತ್ತಿತ್ತು ಎಂದಳು. ಕಪ್ಪು ಪ್ರತಿಯನ್ನು ಅವಳು ತಿರುಗಿಯೂ ನೋಡಲಿಲ್ಲ. ತಿಂಗಳುಗಳು ಕಳೆದಂತೆ ಮಜೆಂಟಾ ಮೊದಲು ಮಾಸಿ ನೀಲಿ ಹಸಿರಿನತ್ತ ವಾಲಿತು, ಆಮೇಲೆ ಆ ಹಸಿರೂ ತೆಳುವಾಯಿತು. ಪಕ್ಕದ ಕಪ್ಪು ಪ್ರತಿ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಬೆಳಕೂ ಗಾಳಿಯಲ್ಲಿರುವ ಓಝೋನೂ ಡೈ ಅಣುಗಳನ್ನು ಒಡೆಯುತ್ತವೆ. ಬೇಗ ಒಣಗುವ ಸೂಕ್ಷ್ಮರಂಧ್ರಗಳ ಫೋಟೊ ಕಾಗದವಾದರೆ ಗಾಳಿ ಒಳನುಗ್ಗುವುದು ಇನ್ನೂ ಸುಲಭ. ಆಲ್ಬಮ್ಮಿನಲ್ಲಿಟ್ಟಿದ್ದ ಅದೇ ನೀಲಿಯ ಇನ್ನೊಂದು ಪ್ರತಿ ಇವತ್ತಿಗೂ ಚೆನ್ನಾಗಿದೆ.

ಆದ್ದರಿಂದ ಈಗ ನನ್ನ ಮಟ್ಟಿಗೆ ಒಂದು ಗೆರೆ ಎಳೆದುಕೊಂಡಿದ್ದೇನೆ. ಓದಿ ಬದಿಗಿಡುವ ಹಾಳೆ, ಮಕ್ಕಳ ಚಿತ್ರ, ಅರ್ಜಿ, ಕರಡು, ನಕ್ಷೆ, ಇವೆಲ್ಲಕ್ಕೂ ರೀಫಿಲ್ ಶಾಯಿ ಧಾರಾಳವಾಗಿ ಸಾಕು. ಗೋಡೆಯ ಮೇಲೆ ವರ್ಷಗಟ್ಟಲೆ ಇರಬೇಕಾದದ್ದಕ್ಕೆ, ಕಾಪಿಡಬೇಕಾದ ದಾಖಲೆಗೆ ಪಿಗ್ಮೆಂಟ್ ಶಾಯಿಯೇ ಬೇಕು. ಅದಿಲ್ಲದಿದ್ದರೆ ತಯಾರಕರು ಬಾಳಿಕೆ ಪರೀಕ್ಷಿಸಿದ ಶಾಯಿ ಮತ್ತು ಅದಕ್ಕೊಪ್ಪುವ ಕಾಗದ, ಮೇಲೆ ಗಾಜು. ರೀಫಿಲ್ ಮಾಡುವುದನ್ನು ಇಷ್ಟಪಡುವವರೇ ಇದನ್ನು ಬಾಯಿಬಿಟ್ಟು ಹೇಳಬೇಕು ಅನ್ನಿಸುತ್ತದೆ.

ಎಣಿಕೆ ಯಾರ ಕೈಯಲ್ಲಿ

ಶಾಯಿ ತುಂಬುವುದು ಕಲಿಯಬಹುದಾದ ಕೆಲಸ. ಕಷ್ಟವಿರುವುದು ಎಲೆಕ್ಟ್ರಾನಿಕ್ ಚಿಪ್‌ನಲ್ಲಿ. ಕಾರ್ಟ್ರಿಡ್ಜಿನ ಬದಿಯಲ್ಲಿರುವ ಆ ಸಣ್ಣ ಚಿಪ್, ಅಥವಾ ಪ್ರಿಂಟರ್‌ನ ಸ್ವಂತ ನೆನಪು, ಈ ಕಾರ್ಟ್ರಿಡ್ಜ್ ಒಮ್ಮೆ ಮುಗಿದಿತ್ತು ಎಂದು ಬರೆದಿಟ್ಟುಕೊಳ್ಳುತ್ತದೆ. ನಾನು ಎಷ್ಟೇ ಶ್ರದ್ಧೆಯಿಂದ ತುಂಬಿದರೂ ಆ ಲೆಕ್ಕ ಮೇಲೇರುವುದಿಲ್ಲ. ಕೆಲವು ಮಾದರಿಗಳಲ್ಲಿ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಲೆಕ್ಕ ಬಿಟ್ಟು ಮುದ್ರಿಸತೊಡಗುತ್ತದೆ. ಕೆಲವು ಎಚ್ಚರಿಕೆ ತೋರಿಸಿ, ಒಪ್ಪಿಗೆ ಪಡೆದು ಮುಂದುವರಿಯುತ್ತವೆ. ಕೆಲವು ನಿಂತೇಬಿಡುತ್ತವೆ.

2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆ ಕಂಪನಿಗಳ ಚಿಪ್ ಇರುವ ಕಾರ್ಟ್ರಿಡ್ಜ್‌ಗಳನ್ನು ಒಮ್ಮೆಲೇ ನಿರಾಕರಿಸತೊಡಗಿದವು. ಹಿಂದಿನ ದಿನ ಕೆಲಸ ಮಾಡುತ್ತಿದ್ದ ಶಾಯಿ ಬೆಳಗಾಗುವುದರೊಳಗೆ ಅಪರಿಚಿತವಾಯಿತು. ದೂರುಗಳು ಹೆಚ್ಚಿದಾಗ ಕಂಪನಿ, ಸರಿಯಾಗಿ ತಿಳಿಸಲಿಲ್ಲವೆಂದು ಕ್ಷಮೆ ಕೇಳಿ, ಆ ತಡೆ ತೆಗೆಯುವ ಫರ್ಮ್‌ವೇರನ್ನೂ (ಯಂತ್ರದೊಳಗಿನ ಸಾಫ್ಟ್‌ವೇರ್) ಕೊಟ್ಟಿತು. ಮೂಲ ಚಿಪ್ ಉಳಿಸಿಕೊಂಡು ರೀಫಿಲ್ ಮಾಡಿದ ಕಾರ್ಟ್ರಿಡ್ಜ್‌ಗಳಿಗೆ ಆ ತಡೆ ಅನ್ವಯಿಸುತ್ತಿರಲಿಲ್ಲ. ಮನೆಯಲ್ಲಿ ತುಂಬುವವರು ಗಮನಿಸಬೇಕಾದ ಮಾತು ಇದು: ಹಳೆಯ ಮೂಲ ಕಾರ್ಟ್ರಿಡ್ಜನ್ನು ಜೋಪಾನವಾಗಿಟ್ಟುಕೊಳ್ಳುವುದೇ ನಮ್ಮ ಬಲ.

ಮರುವರ್ಷ, 2017ರ ಮೇ 30ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಮರುತುಂಬಿದ ಕಾರ್ಟ್ರಿಡ್ಜ್ ಮಾರುವ ಇಂಪ್ರೆಷನ್ ಪ್ರಾಡಕ್ಟ್ಸ್ ಮತ್ತು ಪ್ರಿಂಟರ್ ತಯಾರಿಸುವ ಲೆಕ್ಸ್‌ಮಾರ್ಕ್ ನಡುವಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅದು ಲೇಸರ್ ಪ್ರಿಂಟರ್‌ನ ಟೋನರ್ (ಬಣ್ಣದ ಪುಡಿ) ಕಾರ್ಟ್ರಿಡ್ಜ್ ಕುರಿತದ್ದು. ಒಮ್ಮೆ ಮಾತ್ರ ಬಳಸಬೇಕು ಎಂಬ ಷರತ್ತಿನ ಮೇಲೆ ಮಾರಿದ ಕಾರ್ಟ್ರಿಡ್ಜನ್ನು ಬೇರೆಯವರು ತುಂಬಿ ಮಾರಿದರೆ ಪೇಟೆಂಟ್ ಉಲ್ಲಂಘನೆಯಾಗುತ್ತದೆಯೇ ಎನ್ನುವುದು ಪ್ರಶ್ನೆ. ಮಾರಾಟವಾದ ಗಳಿಗೆಗೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ತೀರಿತು, ಷರತ್ತು ಏನೇ ಇದ್ದರೂ ಪೇಟೆಂಟಿನ ಹೆಸರಿನಲ್ಲಿ ತಡೆಯುವಂತಿಲ್ಲ ಎಂದಿತು ನ್ಯಾಯಾಲಯ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನಲ್ಲಿ ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಯ ಉದಾಹರಣೆ ಕೊಟ್ಟರು. ಬಿಡಿಭಾಗಗಳನ್ನು ತಯಾರಿಸಿದ ಪ್ರತಿ ಕಂಪನಿಯೂ ಮಾರಿದ ಮೇಲೂ ಹಕ್ಕು ಚಲಾಯಿಸಬಹುದಾದರೆ ಅಂಥ ಅಂಗಡಿ ನಡೆಯುವುದು ಹೇಗೆ? ಅದು ಒಂದು ದೇಶದ ತೀರ್ಪು, ಪೇಟೆಂಟ್ ಕಾನೂನಿಗೆ ಸೀಮಿತ. ಆದರೂ ಮೊದಲ ಸಲ ಓದಿದಾಗ, ನನ್ನ ಟೇಬಲ್ ಮೇಲಿನ ಸಣ್ಣ ಕೆಲಸದ ಪರವಾಗಿ ಯಾರೋ ಮಾತಾಡಿದಂತೆ ಸಮಾಧಾನವಾಗಿತ್ತು.

ಇನ್ನೊಂದು ಬದಲಾವಣೆ ಕೋರ್ಟಿನಿಂದಾಚೆ ಬಂತು. ಜನ ತಾವಾಗಿಯೇ ಪ್ರಿಂಟರ್‌ನ ಪಕ್ಕ ಶಾಯಿಯ ಬಾಟಲಿಗಳನ್ನಿಟ್ಟು, ಸಣ್ಣ ಟ್ಯೂಬುಗಳಲ್ಲಿ ಕಾರ್ಟ್ರಿಡ್ಜಿಗೆ ಹರಿಸಿಕೊಳ್ಳತೊಡಗಿದ್ದರು. ಅದನ್ನು ಕಂಡ ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲಿ ತಾನೇ ಬಾಟಲಿಯಿಂದ ತುಂಬುವ ಟ್ಯಾಂಕ್ ಪ್ರಿಂಟರ್ ತಂದಿತು. ಈಗ ಇತರ ಕಂಪನಿಗಳೂ ತಂದಿವೆ. ಪಾರದರ್ಶಕ ಟ್ಯಾಂಕಿನಲ್ಲಿ ಶಾಯಿಯ ಮಟ್ಟ ಕಣ್ಣಿಗೇ ಕಾಣುತ್ತದೆ. ಹೊಸ ಪ್ರಿಂಟರ್ ಕೊಳ್ಳುವವರು ಕೇಳಿದರೆ ನಾನು ಹೇಳುವುದು ಅದನ್ನೇ. ತಿಂಗಳಿಗೊಮ್ಮೆ ಒಂದೆರಡು ಪುಟ ಮುದ್ರಿಸುವವರಿಗೆ ಮಾತ್ರ ಹೆಡ್ ಸಹಿತವಾದ ಸಣ್ಣ ಕಾರ್ಟ್ರಿಡ್ಜೇ ಮೇಲು. ಒಣಗಿದರೆ ಕೈಗೆ ತೆಗೆದುಕೊಂಡು ನೆನೆಸಬಹುದು.

ನೆನೆಸಿದರೂ ಏಳದ ದಿನ ಬರುತ್ತದೆ. ತೂಕ ಸರಿಯಿದೆ, ಟಿಶ್ಯೂ ಮೇಲೆ ಬಣ್ಣ ಮೂಡುತ್ತದೆ, ಆದರೆ ನಾಝಲ್ ಚೆಕ್ ಪುಟದಲ್ಲಿ ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಮತ್ತೆ ಕಾಣೆಯಾಗುತ್ತದೆ. ರೆಸಿಸ್ಟರ್ ಸುಟ್ಟಿದೆ. ಆಗ ನನಗೆ ಬೇಸರವಾಗುವುದಿಲ್ಲ, ಆ ಕಾರ್ಟ್ರಿಡ್ಜ್ ನಿಜವಾಗಿಯೂ ತನ್ನ ಕೆಲಸ ಮುಗಿಸಿದೆ. ಇ-ತ್ಯಾಜ್ಯದ ಪೆಟ್ಟಿಗೆಗೆ ಹಾಕುತ್ತೇನೆ.

ಆದರೆ ಪ್ರಿಂಟರ್‌ನ ಹೊಟ್ಟೆಯೊಳಗೆ ಇನ್ನೊಂದು ಸ್ಪಂಜಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಹೆಡ್ ಕ್ಲೀನಿಂಗ್ ಮಾಡಿದಾಗ ಹೊರಬಂದ ಶಾಯಿಯೆಲ್ಲ ತಳದಲ್ಲಿರುವ ದಪ್ಪ ಪ್ಯಾಡಿಗೆ ಹೋಗಿ ಸೇರುತ್ತದೆ. ಅದಕ್ಕೂ ಒಂದು ಎಣಿಕೆಯಿದೆ. ಅದು ಮಿತಿ ಮುಟ್ಟಿದ ದಿನ, ಉಳಿದೆಲ್ಲ ಸರಿಯಿದ್ದರೂ, ಎಷ್ಟೋ ಪ್ರಿಂಟರ್‌ಗಳು ನಿಂತುಬಿಡುತ್ತವೆ. ಪ್ಯಾಡನ್ನು ತೊಳೆದು ಒಣಗಿಸಬಹುದು, ಹೊಸದನ್ನು ಹಾಕಬಹುದು, ಆದರೆ ಎಣಿಕೆಯನ್ನು ಸೊನ್ನೆಗೆ ತರುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಸರ್ವಿಸ್‌ನವರ ಬಳಿ ಇರುತ್ತದೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ಅದನ್ನು ನಾವೇ ಎಳೆದು ಬದಲಿಸಬಹುದಾದ ಪೆಟ್ಟಿಗೆಯಾಗಿ ಮಾಡಿದ್ದಾರೆ, ಒಳ್ಳೆಯದೇ ಆಯಿತು. ಎಲ್ಲ ಪ್ರಿಂಟರ್‌ಗಳೂ ಹಾಗಾಗಬೇಕು. ಪ್ಯಾಡ್ ಬದಲಿಸಿದೆ, ಶಾಯಿ ತುಂಬಿದೆ ಎಂದು ಯಂತ್ರಕ್ಕೆ ತಿಳಿಸುವ ಒಂದು ಸಾಲು ಅದರ ಮೆನುವಿನಲ್ಲೇ, ಅದನ್ನು ಕೊಂಡವರ ಕೈಗೆ ಸಿಗುವಂತೆ ಇರಬೇಕು.